ನಾನು ಹಾಕಿದ ಸೂತಕ

ತಿಳಿಯದವರಿಗೆ ತಿಳಿಯುವ ಹಾಗೆ ಹೇಳುವುದರಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ನರ್ಸ್ ಆಗಿದ್ದಾಗ ಡಾಕ್ಟರು ಹತ್ತು ನಿಮಿಷ ಕೊರೆದದ್ದನ್ನು ನಾನು ಒಂದೇ ಮಾತಿನಲ್ಲಿ ರೋಗಿಯ ತಲೆಗೆ ಇಳಿಸುತ್ತಿದ್ದೆ. ಸಕ್ಕರೆ ಕಾಯಿಲೆಯವರಿಗೆ, ನಿಮ್ಮ ರಕ್ತ ಪಾಕ ಆಗಿದೆ, ಇನ್ನು ಎಳೆ ಬರುವುದೊಂದು ಬಾಕಿ ಅಂದರೆ ಸಾಕು, ಅವತ್ತಿನಿಂದಲೇ ಟೀಗೆ ಸಕ್ಕರೆ ಬೇಡ ಅನ್ನುತ್ತಿದ್ದರು. ಆ ಜಂಬಕ್ಕೆ ಬಿದ್ದ ಪೆಟ್ಟಿನ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಕೊರೊನಾ ಕಾಲದ್ದು. ಆ ದಿನಗಳ ಮಾತು ಯಾರಾದರೂ ತೆಗೆದರೆ ಈಗಲೂ ನನಗೆ ಮೊದಲು ಆಗುವುದು ದುಃಖವಲ್ಲ, ಸುಸ್ತು. ಅಲ್ಲಿಂದ ಎದ್ದು ಹೋಗಿ ಎಲ್ಲಾದರೂ ಮಲಗಿಬಿಡೋಣ ಅನ್ನಿಸುತ್ತದೆ.

ಆಗ ನಾನು ಆಸ್ಪತ್ರೆಯಿಂದ ನಿವೃತ್ತಳಾಗಿ ಒಂದು ಸಣ್ಣ ಸಂಸ್ಥೆಗೆ ಸೇರಿದ್ದೆ. ದಿಕ್ಕಿಲ್ಲದ ಮುದುಕರನ್ನು, ಬುದ್ಧಿ ಬೆಳೆಯದೆ ದೊಡ್ಡವರಾದವರನ್ನು, ಮನಸ್ಸು ಕೆಟ್ಟ ಹೆಂಗಸರನ್ನು ಇಟ್ಟುಕೊಂಡು ನೋಡಿಕೊಳ್ಳುವ ನಾಲ್ಕು ಮನೆಗಳು ನನ್ನ ಪಾಲಿಗಿದ್ದವು. ರಾಮನಗರದಲ್ಲಿ ನಮ್ಮ ಮನೆಗೆ ಹತ್ತಿರವೇ ಒಂದು, ಚನ್ನಪಟ್ಟಣದಲ್ಲಿ ಒಂದು, ಕನಕಪುರ ದಾಟಿ ದೊಡ್ಡಆಲಹಳ್ಳಿಯ ಹತ್ತಿರ ಒಂದು, ಮಾಗಡಿಯಾಚೆ ಸೋಲೂರಿನ ಕಡೆ ಒಂದು. ಅಲ್ಲಿದ್ದವರನ್ನು ನೋಡಿಕೊಳ್ಳುವುದು ನನ್ನ ಕೆಲಸವಲ್ಲ. ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾರಿಗೆ ಮಾಸ್ಕ್ ಸಾಲದು, ಯಾರಿಗೆ ಗ್ಲೌಸ್ ಬೇಕು, ಯಾವ ಆಯಾಳ ಗಂಡ ಕೆಲಸ ಬಿಡು ಎಂದು ಗಲಾಟೆ ಮಾಡುತ್ತಿದ್ದಾನೆ, ಎಲ್ಲವೂ ನನ್ನ ಫೋನಿಗೇ ಬರಬೇಕು. ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಶುರುವಾದರೆ, ಆ ಕಾಫಿಯನ್ನು ನಾನು ಬಿಸಿಯಾಗಿ ಕುಡಿದ ನೆನಪೇ ಇಲ್ಲ.

ಮೇಲಿನಿಂದ ಬರುವ ಸುತ್ತೋಲೆಗಳಲ್ಲಿ ಐಸೋಲೇಷನ್ನು, ಕ್ವಾರಂಟೈನು, ಪ್ರೈಮರಿ ಕಾಂಟ್ಯಾಕ್ಟು. ಕನ್ನಡ ಮಾಡಿ ಕಳಿಸಿದ್ದು ಇಂಗ್ಲಿಷಿಗಿಂತ ಕಷ್ಟ. ಅದನ್ನು ನಾಲ್ಕು ಮನೆಯ ಕೆಲಸದವರಿಗೆ ತಿಳಿಹೇಳುವ ಹೊತ್ತಿಗೆ ನನ್ನ ಗಂಟಲು ಒಣಗುತ್ತಿತ್ತು. ದೊಡ್ಡಆಲಹಳ್ಳಿಯ ಮನೆಯ ಒಬ್ಬನಿಗೆ ಜ್ವರ ಬಂತೆಂದು ಬೇರೆ ಕೋಣೆಯಲ್ಲಿ ಇರಪ್ಪಾ ಅಂದರೆ, ಒಬ್ಬನೇ ಕೂತು ಉಣ್ಣುವುದಕ್ಕೆ ಬೇಜಾರೆಂದು ಇನ್ನಿಬ್ಬರನ್ನು ಒಳಗೆ ಕರೆದುಕೊಂಡಿದ್ದ. ಸೋಲೂರಿನ ಮನೆಯ ಅಡುಗೆಯವಳು ಮಾತಿನಮಲ್ಲಿ, ನಗಿಸದೆ ಫೋನ್ ಇಟ್ಟವಳಲ್ಲ. ಅವಳ ಕಿವಿಗೆ ಕ್ವಾರಂಟೈನ್ ಅನ್ನುವುದು ಗ್ಯಾರಂಟಿಯಾಗಿ ಬಿದ್ದಿತ್ತು. “ಹದ್ನಾಕ್ ದಿನ ಗ್ಯಾರಂಟಿ ಅಂತೀರಲ್ಲ ಮೇಡಂ, ಆಮೇಲೆ ಕಾಯ್ಲೆ ಬರಲ್ಲ ಅಂತ ಗ್ಯಾರಂಟಿನಾ?” ಎಂದು ಕೇಳಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದು ನಗುವ ವಿಷಯವಾಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಸೂತಕ ಅನ್ನುವ ಮಾತು ನನ್ನ ಬಾಯಿಗೆ ಬಂದದ್ದು ಚನ್ನಪಟ್ಟಣದ ಮನೆಯ ಅಂಗಳದಲ್ಲಿ. ಎಲ್ಲರನ್ನೂ ದೂರ ದೂರ ನಿಲ್ಲಿಸಿಕೊಂಡು ಅರ್ಧ ಗಂಟೆ ಹೇಳಿದ್ದೆ. ಯಾರ ಮುಖದಲ್ಲೂ ಏನೂ ಇರಲಿಲ್ಲ. ರೇಗಿಹೋಯಿತು. “ನೋಡ್ರವ್ವ, ಸೂತ್ಕ ಅಂದ್ಕಳಿ. ಕಾಯ್ಲೆಯೋರ್ನ ಮುಟ್ದೋರ್ಗೆ ಹದ್ನಾಕ್ ದಿನ ಸೂತ್ಕ. ಅಷ್ಟೆಯ” ಅಂದೆ.

ಅಂದದ್ದೇ ತಡ, ಎಲ್ಲರ ತಲೆಯೂ ಒಟ್ಟಿಗೆ ಆಡಿತು. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಇನ್ನೊಬ್ಬರ ಮನೆಗೆ ಹೋಗಬಾರದು, ಯಾರನ್ನೂ ಮುಟ್ಟಬಾರದು, ಹೊರಗಿಂದ ಬಂದರೆ ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ನಾನು ಒಂದೂ ಹೇಳಬೇಕಾಗಲಿಲ್ಲ, ಅವರೇ ಒಬ್ಬರಿಗೊಬ್ಬರು ಹೇಳಿಕೊಂಡರು. ಹುಟ್ಟಿದಾಗಿನಿಂದ ನೋಡಿದ್ದೇ ತಾನೆ. ಅದೇ ವಾರ ಉಳಿದ ಮೂರು ಮನೆಗಳಿಗೂ ಆ ಮಾತನ್ನು ದಾಟಿಸಿದೆ. ಗೋಡೆಗೆ ಅಂಟಿಸಿದ ಬಣ್ಣಬಣ್ಣದ ಹಾಳೆಗಳು ಮಾಡದ ಕೆಲಸವನ್ನು ನನ್ನ ಒಂದು ಮಾತು ಮಾಡಿತು. ತಾಲ್ಲೂಕಿನ ಡಾಕ್ಟರೊಬ್ಬರು ಫೋನಿನಲ್ಲಿ, ಭಾರೀ ಐಡಿಯಾ ಮಾಡಿದ್ದೀರಿ ಮೇಡಂ, ಅಂದರು. ಅವತ್ತು ನನಗೆ ನಿದ್ದೆ ಚೆನ್ನಾಗಿ ಬಂತು.

ಚನ್ನಪಟ್ಟಣದ ಮನೆಯ ಮುಖ್ಯ ಆಯಾ ದೊಡ್ಡಮಳೂರಿನಾಚೆ ಒಂದು ಹಳ್ಳಿಯವಳು. ಎಲ್ಲರೂ ಆಯಮ್ಮ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಐವತ್ತು ದಾಟಿದ್ದವಳು. ರಾಗಿ ಮೂಟೆ ಎತ್ತಿದ ಸೊಂಟ ಅದು, ಎಂಥ ಭಾರದ ಮುದುಕರನ್ನೂ ಉಸ್ಸೆನ್ನದೆ ಎತ್ತಿ ಹೊರಳಿಸುತ್ತಿದ್ದಳು. ಗಂಡ ಇಲ್ಲ, ಒಬ್ಬಳೇ ಮಗಳು. ಆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇನ್ನೆರಡು ತಿಂಗಳಿದೆ ಅನ್ನುವಾಗಲೇ ಎರಡನೇ ಅಲೆ ಬಂತು. ಜೊತೆಯ ಇಬ್ಬರು ಆಯಾಗಳನ್ನು ಅವರ ಮನೆಯವರು ಹೋಗಬೇಡಿ ಎಂದು ತಡೆದುಬಿಟ್ಟರು. ಹೋಗಿ ಬಂದು ಮಾಡಿದರೆ ಬಸುರಿ ಮಗಳಿಗೆ ಕಾಯಿಲೆ ಹೊತ್ತುಕೊಂಡು ಹೋದ ಹಾಗೆ, ಬಿಟ್ಟು ಹೋದರೆ ಇಲ್ಲಿರುವ ಮುದುಕರ ಬಾಯಿಗೆ ಗಂಜಿ ಹಾಕುವವರಿಲ್ಲ. ಆಯಮ್ಮ ಒಂದು ಟ್ರಂಕ್ ತಂದು ಅಲ್ಲೇ ಉಳಿದಳು. ಮಗಳ ಜೊತೆಗೆ ಇರಲೆಂದು ಬೀಗಿತಿ ತನ್ನೂರಿನಿಂದ ಬಂದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿರಬೇಕು. ಗುಳಿಗೆ ಕೊಡುವಾಗ, ಬಟ್ಟೆ ಒಗೆಯುವಾಗ, ನನ್ನ ಜೊತೆ ಫೋನಿನಲ್ಲಿ ಗ್ಲೌಸಿನ ಲೆಕ್ಕ ಒಪ್ಪಿಸುವಾಗ, ಎಲ್ಲಿ ಶುರು ಮಾಡಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು. “ನನ್ ಮಗ್ಳು ನೋವಿಗೆ ಹೆದರ್ಕತಾಳೆ ಕಣ್ ಮೇಡಂ, ಸೂಜಿಗೇ ಕಣ್ಣೀರ್ ಹಾಕೋಳು. ಆ ವತ್ಗೆ ನನ್ ಒಸಿ ಬುಟ್ಬುಡಿ” ಅನ್ನುತ್ತಿದ್ದಳು. ಕಳಿಸುತ್ತೇನೆ, ನನ್ನ ತಲೆಯ ಮೇಲೆ ಹಾಕು ಅಂದಿದ್ದೆ. ಅಲ್ಲಿದ್ದ ಅಜ್ಜಿಯರಿಂದ ಸವೆದು ಮೆತ್ತಗಾದ ಹಳೆಯ ಸೀರೆಗಳನ್ನು ಕೇಳಿ ಇಸಿದುಕೊಂಡು, ಮಗುವಿಗೆಂದು ಚೌಕ ಚೌಕ ಹರಿದು, ಒಗೆದು ಮಡಿಚಿ ಟ್ರಂಕಿನಲ್ಲಿ ಇಟ್ಟಿದ್ದಳು. ಕೊಟ್ಟ ಅಜ್ಜಿಯರಿಗೂ ತಮ್ಮದೇ ಮನೆಯ ಬಾಣಂತನವೆಂಬ ಸಂಭ್ರಮ.

ಆ ಮನೆಯಲ್ಲಿ ಒಬ್ಬ ತಾತ ಇದ್ದ. ಕೈ ನಡುಗುವವರೆಗೂ ಬೊಂಬೆ ಕಡೆಯುವ ಕೆಲಸ ಮಾಡಿದವನು. ಹೆಂಡತಿ ಮಕ್ಕಳು ನೆಂಟರು ಯಾರೂ ಇಲ್ಲ. ಬೀಡಿಯೊಂದು ಬಿಟ್ಟರೆ ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಜ್ವರ ಅವನನ್ನೇ ಮೊದಲು ಹಿಡಿಯಿತು. ಆಸ್ಪತ್ರೆಗಳಲ್ಲಿ ಹಾಸಿಗೆ ಕೇಳಿ ಕೇಳಿ ನನ್ನ ಫೋನು ಕಾದು ಹೋಯಿತು, ಹಾಸಿಗೆ ಸಿಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವನು ಹೋದ.

ಹೋಗುವ ಹೊತ್ತಿನಲ್ಲಿ ಆಯಮ್ಮ ಗ್ಲೌಸ್ ಕಳಚಿ ಬರಿಗೈಯಲ್ಲಿ ಅವನ ಬಾಯಿಗೆ ನೀರು ಬಿಟ್ಟಿದ್ದಳು. ಅದನ್ನು ಅವಳೇ ಫೋನಿನಲ್ಲಿ ಹೇಳಿದಳು. ನನಗೆ ತಲೆಗೇರಿತು. ಅಷ್ಟು ದಿನ ಬಡಕೊಂಡದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಕೂಗಾಡಿದೆ. ನನ್ನ ಕೂಗು ಮುಗಿದ ಮೇಲೆ ಅವಳು, “ರಬ್ಬರ್ ಹಾಕ್ಕಂಡು ಬಾಯ್ಗೆ ನೀರ್ ಬುಡಕ್ಕಾಯ್ತದಾ ಮೇಡಂ?” ಅಂದಳು. ನನ್ನ ಕೋಪ ಇನ್ನೂ ಏರಿತು. ಹದಿನಾಲ್ಕು ದಿನ ಸಾಮಾನಿನ ಕೋಣೆಯಲ್ಲೇ ಇರು, ನಿನಗೆ ಸೂತಕ, ಎಂದು ಫೋನ್ ಇಟ್ಟೆ. ಅವಳ ಪಾಳಿಗೆ ರಾಮನಗರದಿಂದ ಒಬ್ಬಳನ್ನು ಕಳಿಸಿದೆ.

ಅದೇ ಕೋಪದಲ್ಲಿ ಅವಳ ಮನೆಗೂ ನಾನೇ ಫೋನ್ ಮಾಡಿದೆ. ಬೀಗಿತಿ ತೆಗೆದುಕೊಂಡಳು. ಆ ಹೊತ್ತಿಗೆ ಇನ್ನೆರಡು ಕರೆಗಳು ಕಾಯುತ್ತಿದ್ದವು. ವಿವರಿಸುವಷ್ಟು ತಾಳ್ಮೆ ಇರಲಿಲ್ಲ. ಒಬ್ಬರು ತೀರಿಕೊಂಡಿದ್ದಾರೆ, ನಿಮ್ಮ ಬೀಗಿತಿ ಮುಟ್ಟಿದ್ದಾರೆ, ಹದಿನಾಲ್ಕು ದಿನ ಸೂತಕ, ಮನೆಗೆ ಬರುವ ಹಾಗಿಲ್ಲ, ಅಂದೆ. ಆಕೆ ಬರೀ ಹ್ಞೂಂ ಅಂದಳು. ನಾಲ್ಕು ಮನೆಯವರಿಗೂ ಹೇಳಿ ಹೇಳಿ ಆ ಮಾತು ನನ್ನ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಅದಕ್ಕೆ ನನಗಿಂತ ಹಳೆಯದಾದ ಬೇರೆ ಅರ್ಥ ಇದೆಯೆಂದು ಹೊಳೆಯಲೇ ಇಲ್ಲ.

ಹದಿನಾಲ್ಕು ದಿನ ಆಯಮ್ಮ ಆ ಕೋಣೆಯಲ್ಲಿ ಅಕ್ಕಿ ಮೂಟೆ, ಫಿನಾಯಿಲ್ ಡಬ್ಬಗಳ ನಡುವೆ ಕೂತಿದ್ದಳು. ಜ್ವರವಿಲ್ಲ, ಕೆಮ್ಮಿಲ್ಲ. ಟೆಸ್ಟ್ ಮಾಡಿಸಿದ್ದು ನೆಗೆಟಿವ್ ಬಂತು. ಆರೋಗ್ಯ ಕೇಂದ್ರದಿಂದ ಚೀಟಿ ಬರೆಸಿ, ಸೀಲು ಹಾಕಿಸಿಕೊಂಡು ನಾನೇ ಸ್ಕೂಟರ್ ತೆಗೆದುಕೊಂಡು ಹೋದೆ. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಕಾಯುತ್ತಿದ್ದಳು. ಮಗುವಿನ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಮಗಳಿಗೆ ದಿನ ತುಂಬಿತ್ತು. ಕೊಟ್ಟ ಮಾತು ಉಳಿಸಿಕೊಂಡೆನಲ್ಲ ಎಂಬ ಖುಷಿಯಲ್ಲಿ ನಾನು ದಾರಿಯುದ್ದಕ್ಕೂ ಮಾತಾಡಿದೆ.

ಅವಳ ಮನೆಯ ಜಗಲಿಯ ಮೇಲೆ ಬೀಗಿತಿ ಅಕ್ಕಿ ಆರಿಸುತ್ತ ಕೂತಿದ್ದಳು. ನಮ್ಮನ್ನು ಕಂಡು ಮೊರ ಬದಿಗಿಟ್ಟು ಎದ್ದಳು. ಕೆಟ್ಟ ಹೆಂಗಸಲ್ಲ. ಎರಡು ತಿಂಗಳು ಬೇರೆಯವರ ಮನೆಯಲ್ಲಿ ಸೊಸೆಯ ಚಾಕರಿ ಮಾಡಿದವಳನ್ನು ನಾನು ಕೆಟ್ಟವಳೆಂದು ಹೇಗೆ ಹೇಳಲಿ? ಮೆಟ್ಟಿಲ ಹತ್ತಿರ ಬಂದು ನಿಂತು ಮೆತ್ತಗೆ ಕೇಳಿದಳು, “ಸೂತ್ಕ ಕಳೀತಾ ಬೀಗ್ತಿ?”

ಹದಿನಾಲ್ಕು ದಿನ ಆಯಿತೆಂದು ನಾನು ಹೇಳಿದೆ.

“ದಿನ ಆದ್ರೆ ಆಗೋಯ್ತಾ? ತಿಥಿ ಯಾರ್ ಮಾಡುದ್ರು?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆ ತಾತನಿಗೆ ಯಾರೂ ಇರಲಿಲ್ಲ. ಮೂರನೆಯ ದಿನ ಹಾಲುತುಪ್ಪ ಬಿಟ್ಟವರಿಲ್ಲ, ಹನ್ನೊಂದನೆಯ ದಿನ ತಿಥಿ ಮಾಡಿದವರಿಲ್ಲ. ದಿನ ಎಷ್ಟು ಕಳೆದರೇನು, ತಿಥಿಯಾಗದ ಸಾವಿನ ಸೂತಕ ಕಳೆಯುವುದಿಲ್ಲ. ಹುಟ್ಟುವ ಮಗುವನ್ನು ಅಂಥ ಕೈಗೆ ಕೊಡುವುದು ಹೇಗೆ ಎಂದು ಆಕೆ ಕೇಳುತ್ತಿದ್ದಳು.

ಸೂತಕ ಅಂದದ್ದು ಸುಮ್ಮನೆ, ತಿಳಿಯಲಿ ಎಂದು ಹೇಳಿದ ಮಾತು ಅದು, ಕಾಯಿಲೆಯ ವಿಷಯ ಅಷ್ಟೇ, ಎಂದು ನಾನು ಬಡಬಡಿಸಿದೆ. ಚೀಟಿ ತೆಗೆದು ತೋರಿಸಿದೆ. ಆಕೆ ಚೀಟಿಯನ್ನು ದೂರದಿಂದಲೇ ನೋಡಿದಳು.

“ಚೀಟಿ ಕಾಯ್ಲೆಗೆ ಮೇಡಂ. ಸೂತ್ಕಕ್ಕೆ ಯಾರಾರ ಚೀಟಿ ಕೊಡ್ತಾರಾ? ನೀವೇ ಫೋನ್ ಮಾಡಿ ಸೂತ್ಕ ಅಂದ್ರಿ, ನಾನಲ್ಲ.”

ಇಷ್ಟು ವರ್ಷದಲ್ಲಿ ಯಾವ ಡಾಕ್ಟರೂ ನನ್ನ ಬಾಯಿ ಹಾಗೆ ಮುಚ್ಚಿಸಿರಲಿಲ್ಲ. ಬಾಗಿಲಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಅತ್ತೆಯ ಮುಖ ನೋಡುವಳು, ಅಮ್ಮನ ಮುಖ ನೋಡುವಳು. ಆಯಮ್ಮ ಗಂಟನ್ನು ಜಗಲಿಯ ಮೇಲಿಡಲು ಹೋದವಳು ಇಡಲಿಲ್ಲ, ಹಿಂದಕ್ಕೆ ತೆಗೆದುಕೊಂಡಳು. ಹೊಟ್ಟೆ ಕೆಳಗಿಳಿದಿದೆ, ಎಡಮಗ್ಗುಲಿಗೆ ಮಲಗು, ನೀರು ಹೆಚ್ಚು ಕುಡಿ ಎಂದು ಮಗಳಿಗೆ ಅಂಗಳದಿಂದಲೇ ಹೇಳಿ ತಿರುಗಿದಳು.

ನಾನು ದಾರಿಯಲ್ಲಿ ಬೀಗಿತಿಯನ್ನು ಬೈಯತೊಡಗಿದೆ. ಆಯಮ್ಮ ಬೈಯಲು ಬಿಡಲಿಲ್ಲ. “ಆವಮ್ಮ ಹೇಳೋದ್ರಲ್ಲಿ ತಪ್ಪೇನೈತೆ? ನಂಗೂ ಒಳ್ಗೇ ಅದೇ ಇತ್ತು” ಅಂದಳು. ಬೈಸಿಕೊಳ್ಳಬೇಕಾದವಳು ಸ್ಕೂಟರ್ ಓಡಿಸುತ್ತಿದ್ದಳು, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ವಾರ ನಾನು ಮಾಡದ ಪ್ರಯತ್ನವಿಲ್ಲ. ಡಾಕ್ಟರಿಂದ ಬೀಗಿತಿಗೆ ಫೋನ್ ಮಾಡಿಸಿದೆ. ಆಕೆ ಅವರಿಗೂ ಹ್ಞೂಂ ಅಂದಳಂತೆ. ಊರಿನ ಆಶಾ ಕಾರ್ಯಕರ್ತೆಯನ್ನು ಕಳಿಸಿದೆ. ಅವಳು, ನನಗೂ ಅತ್ತೆ ಇದ್ದಾಳೆ ಮೇಡಂ, ಈ ವಿಷಯಕ್ಕೆ ನನ್ನನ್ನು ಎಳೆಯಬೇಡಿ, ಅಂದಳು. ದಾರಿ ತೋರಿಸಿದ್ದು ಕಡೆಗೆ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿ, ಸೀರೆ ಕೊಟ್ಟವರಲ್ಲಿ ಒಬ್ಬಳು. ತಿಥಿ ತಾನೇ ಆಗಬೇಕಾದದ್ದು, ಮಾಡಿಬಿಟ್ಟರೆ ಆಯಿತಲ್ಲ ಅಂದಳು. ಗಂಡಸರು ಮಾಡುವ ಕೆಲಸ, ಅವನಿಗೆ ಮಕ್ಕಳೂ ಇಲ್ಲ ಎಂದು ಯಾರೋ ಅಂದದ್ದಕ್ಕೆ, “ಬಾಯ್ಗೆ ನೀರ್ ಬುಟ್ಟೋರೇ ಮಕ್ಳು ಕಣ್ ತಗಾ” ಎಂದು ಆ ಕಡೆ ಹೊರಳಿ ಮಲಗಿದಳು.

ಹನ್ನೊಂದು ತಪ್ಪಿತ್ತು. ಇಪ್ಪತ್ತೊಂದಕ್ಕೆ ಮಾಡುವುದೆಂದಾಯಿತು. ಹಿಂದಿನ ದಿನ ಮಧ್ಯಾಹ್ನ ಆಯಮ್ಮ ವಡೆಗೆ ಬೇಳೆ ನೆನೆಹಾಕುತ್ತಿದ್ದಾಗ ಮಗಳಿಗೆ ನೋವು ಬಂತೆಂದು ಫೋನ್ ಬಂತು. ಮಗಳನ್ನು ಕರೆತಂದದ್ದು ಚನ್ನಪಟ್ಟಣದ ಆಸ್ಪತ್ರೆಗೇ. ಆಯಮ್ಮ ಇದ್ದ ಮುದುಕರ ಮನೆಯಿಂದ ನಡೆದು ಹೋಗುವಷ್ಟು ದೂರ. ವಿಷಯ ತಿಳಿದು ನಾನು ರಾಮನಗರದಿಂದ ಓಡಿ ಬಂದೆ, ಏಳು, ಯಾರು ಏನೆಂದರೂ ನಾನು ನೋಡಿಕೊಳ್ಳುತ್ತೇನೆ, ಎಂದು ಕೈ ಹಿಡಿದು ಎಳೆದೆ. ಅವಳು ಕೈ ಬಿಡಿಸಿಕೊಂಡಳು. ಗೇಟಿನ ಹತ್ತಿರವಾದರೂ ಬಂದು ನಿಲ್ಲು ಅಂದೆ.

“ನಿಂತ್ಕಂಡ್ರೆ ಅವ್ಳ್ ಕೂಗು ಕೇಳ್ಸ್ತದೆ ಮೇಡಂ. ಕೇಳುಸ್ಕಂಡು ಒಳಿಕ್ ಹೋಗ್ದೆ ಇರಕ್ಕೆ ನನ್ ಕೈಲಿ ಆಗಕ್ಕಿಲ್ಲ. ಹೋಗ್ಬುಟ್ರೆ, ನಾಳಿಕ್ ಮಗೀಗೆ ಒಂದ್ ಸೀನು ಬಂದ್ರೂ ನಂದೇ ಅಂತ ಅನ್ನುಸ್ತದೆ. ಬ್ಯಾಡಿ.”

ಸಂಜೆ ಐದಕ್ಕೆ ಹೆಣ್ಣು ಮಗು ಆಯಿತು. ಫೋನಿನಲ್ಲಿ ಸುದ್ದಿ ಕೇಳಿ ಆಯಮ್ಮ ಅಷ್ಟು ಹೊತ್ತು ಕೈಯಲ್ಲೇ ಹಿಡಿದಿದ್ದ ಬೇಳೆಯ ಪಾತ್ರೆ ಕೆಳಗಿಟ್ಟಳು. ಮಗಳು ತುಂಬಾ ಕೂಗಿದಳಾ ಎಂದು ಕೇಳಿದಳು. ಅಮ್ಮಾ ಅಮ್ಮಾ ಎಂದು ಕೂಗಿದಳಂತೆ. ಕೂಗಿದವಳ ಅಮ್ಮ ಎರಡು ಬೀದಿ ಆಚೆ ಬೇಳೆ ನೆನೆಹಾಕಿಕೊಂಡು ಕೂತಿದ್ದಳು, ನಾನಾಡಿದ ಒಂದು ಮಾತಿಗೆ. ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದರೂ ಬೇರೆ ಥರ ಕಾಣುವುದಿಲ್ಲ.

ಮಾರನೆಯ ದಿನ ಅಂಗಳದಲ್ಲಿ ತಿಥಿ ಆಯಿತು. ಪುರೋಹಿತರಿಲ್ಲ, ನೆಂಟರಿಲ್ಲ. ಬಾಳೆಲೆಯ ಮೇಲೆ ಮುದ್ದೆ, ಉಪ್ಸಾರು, ವಡೆ, ಪಾಯಸ, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಟ್ಟು ಆಯಮ್ಮ ಎಡೆ ಇಟ್ಟಳು. ಓಡಾಡುವ ಶಕ್ತಿ ಇದ್ದ ಮುದುಕರು ದೂರ ದೂರ ಕುರ್ಚಿ ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು ಕೂತರು. ಕಾಗೆ ಕಾಯಿಸಲಿಲ್ಲ. ಹೋಟೆಲುಗಳೆಲ್ಲ ಮುಚ್ಚಿ ಅವಕ್ಕೂ ಹಸಿವಾಗಿತ್ತು ಅಂತ ಕಾಣುತ್ತದೆ, ನಾಲ್ಕೈದು ಒಟ್ಟಿಗೆ ಬಂದವು. ಆ ಒಂದೂಕಾಲು ವರ್ಷದಲ್ಲಿ ನಾನು ಯಾವ ಮನೆಯಲ್ಲೂ ಒಂದು ಲೋಟ ನೀರು ಕುಡಿದಿರಲಿಲ್ಲ, ಅದು ನಾನೇ ಮಾಡಿದ ನಿಯಮ. ಅವತ್ತು ಮಾಸ್ಕ್ ತೆಗೆದು ಎಲೆಯ ಮುಂದೆ ಕೂತು ಉಂಡೆ.

ಊಟವಾದ ಮೇಲೆ ಆಯಮ್ಮ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ನನ್ನ ಮುಂದೆ ಬಂದು ನಿಂತಳು. ಕೊರೊನಾ ಭಯಕ್ಕೆ ಆಸ್ಪತ್ರೆಯವರು ಬಾಣಂತಿಯನ್ನು ಬೆಳಿಗ್ಗೆಯೇ ಊರಿಗೆ ಕಳಿಸಿದ್ದರು. ಇನ್ನು ಹೊರಡು, ಆಟೋಗೆ ಹೇಳಿದ್ದೇನೆ ಅಂದೆ. ಅವಳು ಹೊರಡಲಿಲ್ಲ. “ನೀವ್ ಹಾಕಿದ್ದು ಮೇಡಂ. ನಿಮ್ ಬಾಯಲ್ಲೇ ಕಳೀತು ಅನ್ಬುಡಿ” ಅಂದಳು.

ಕಳೀತು ಕಣಮ್ಮ ಅಂದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ಮಾತು ಇನ್ನೊಂದಿಲ್ಲ. ಗಂಟು ಎತ್ತಿಕೊಂಡು ಹೋದಳು. ಬೀಗಿತಿ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ತಾನೇ ಒಳಗೆ ಕರೆದುಕೊಂಡು ಹೋಗಿ ಮಗುವನ್ನು ಕೈಗೆ ಕೊಟ್ಟಳಂತೆ.

ಅವಳು ಹೋದ ಮೇಲಿನ ದಿನಗಳು ಒಂದಕ್ಕೊಂದು ಅಂಟಿಕೊಂಡು ಹೋಗಿವೆ. ಚನ್ನಪಟ್ಟಣದಲ್ಲಿ ಜನ ಸಾಲದೆ ನಾನೇ ಪಾಳಿಗೆ ನಿಂತೆ. ದೊಡ್ಡಆಲಹಳ್ಳಿಯ ಮನೆಯಲ್ಲಿ ತೀರಿಕೊಂಡರು, ರಾಮನಗರದಲ್ಲಿ ತೀರಿಕೊಂಡರು. ಸೋಲೂರಿನ ಅಡುಗೆಯವಳು, ಗ್ಯಾರಂಟಿ ಕೇಳಿದವಳು, ಮೈಕೈ ನೋವು, ಎರಡು ದಿನ ರಜ ಕೊಡಿಸಿ ಎಂದು ಫೋನ್ ಮಾಡಿದಳು. ನಾನು ರಸ್ತೆಯಲ್ಲಿದ್ದೆ. ಬದಲಿಗೆ ಯಾರೂ ಇರಲಿಲ್ಲ. ಇನ್ನೊಂದು ವಾರ ಹೇಗಾದರೂ ತಳ್ಳು, ನಾನು ಯಾರನ್ನಾದರೂ ಕಳಿಸುತ್ತೇನೆ ಅಂದೆ. ಅವಳು ನಗಿಸದೆ ಫೋನ್ ಇಟ್ಟದ್ದನ್ನು ನಾನು ಗಮನಿಸಬೇಕಿತ್ತು. ವಾರ ತುಂಬುವುದಕ್ಕೆ ಮೊದಲೇ ತೀರಿಕೊಂಡುಬಿಟ್ಟಳು. ಸುದ್ದಿ ಕೇಳಿದ ನಾನು ಅವಳ ಜಾಗಕ್ಕೆ ಬೇರೆ ಅಡುಗೆಯವರನ್ನು ಹುಡುಕಲು ಫೋನ್ ಎತ್ತಿಕೊಂಡೆ, ಮಧ್ಯಾಹ್ನದ ಊಟ ಆಗಬೇಕಿತ್ತಲ್ಲ. ಅವಳ ವಿಷಯ ಯಾರ ಹತ್ತಿರವೂ ಮಾತಾಡಲಿಲ್ಲ, ಅಳಲಿಲ್ಲ. ಸೂತಕ ಎಂಬ ಮಾತನ್ನು ಮತ್ತೆ ಬಾಯಿಗೆ ತರಲಿಲ್ಲ.

ಅಲೆ ಇಳಿದು, ಮಗುವಿಗೆ ಮೂರು ತಿಂಗಳಾದಾಗ ಅದರ ಮುಖ ನೋಡಲು ಹೋದೆ. ಬೀಗಿತಿ ತನ್ನೂರಿಗೆ ಹೋಗಿಯಾಗಿತ್ತು. ಆಯಮ್ಮ ಕೆಲಸಕ್ಕೆ ಮರಳುವ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಾಣಂತಿಯ ಮನೆ, ಬಚ್ಚಲಿನಲ್ಲಿ ಹಂಡೆ ಕುದಿಯುತ್ತಿತ್ತು. ತಾಯಿ ಮಗುವಿನ ಎಣ್ಣೆನೀರು ಆಗ ತಾನೇ ಮುಗಿದಿತ್ತು. ಅಜ್ಜಿಯರ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಮಗುವನ್ನು ಆಯಮ್ಮ ನನ್ನ ಕಡೆ ಚಾಚಿದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಸ್ಯಾನಿಟೈಸರ್ ಹುಡುಕುವವಳ ಹಾಗೆ ಬ್ಯಾಗಿನಲ್ಲಿ ತಡಕಾಡಿದೆ. ಬಾಟಲಿ ಸಿಕ್ಕಿತು, ಆದರೂ ತಡಕಾಡುತ್ತಲೇ ಇದ್ದೆ.

ಆಯಮ್ಮ ಮಗುವನ್ನು ಮಗಳ ಕೈಗೆ ಕೊಟ್ಟಳು. ನನ್ನ ಎದುರು ಬಂದು ಕೂತಳು.

“ನಾಕ್ ಮನೇಲೂ ಅಷ್ಟೊಂದ್ ಜನ ಹೋದ್ರಲ್ಲ ಮೇಡಂ. ನಂದು ನೀವು ಕಳುದ್ರಿ. ನಿಮ್ದು ಯಾರು ಕಳುದ್ರು?”

ನನಗೇನು ಸೂತಕ, ಹೋದವರನ್ನು ಯಾರನ್ನೂ ನಾನು ಮುಟ್ಟಲಿಲ್ಲ, ಫೋನಿನಲ್ಲಿ ಸುದ್ದಿ ಕೇಳಿದವಳು ಅಷ್ಟೇ, ಎಂದು ನಗಲು ನೋಡಿದೆ. ಅವಳು ನಗಲಿಲ್ಲ. ಎದ್ದು ಬಚ್ಚಲಿಗೆ ಹೋದಳು, ಮಣೆ ಹಾಕಿದ ಸದ್ದಾಯಿತು. ಮಗಳ ಒಂದು ಹಳೆಯ ಲಂಗ ತಂದು ನನ್ನ ಹೆಗಲ ಮೇಲೆ ಹಾಕಿ, ಬನ್ನಿ, ತಲೆಗೆ ನೀರು ಹಾಕುತ್ತೇನೆ ಅಂದಳು. ಬೇಡ, ಸಂಕೋಚ, ಹೊತ್ತಾಯಿತು, ಎಂದೆಲ್ಲ ಹೇಳಿದೆ. ಮುದುಕರಿಗೆ ಮಾಡುತ್ತಿದ್ದ ಹಾಗೆಯೇ ರಟ್ಟೆಗೆ ಕೈಕೊಟ್ಟು ಎಬ್ಬಿಸಿದಳು. ನನಗೆ ತಡೆಯುವ ಶಕ್ತಿ ಇರಲಿಲ್ಲ. ನನ್ನ ತಲೆಗೆ ಇನ್ನೊಬ್ಬರು ನೀರು ಹಾಕಿ ಎಷ್ಟು ಕಾಲವಾಗಿತ್ತೋ ಗೊತ್ತಿಲ್ಲ, ನನ್ನ ಬಾಣಂತನದಲ್ಲಿ ಅಮ್ಮ ಹಾಕಿದ್ದೇ ಕೊನೆಯಿರಬೇಕು.

“ಒಂದೊಂದ್ ಚೊಂಬ್ಗೆ ಒಬ್ಬೊಬ್ರುನ್ನ ನೆನುಸ್ಕಳಿ. ತಿಥಿ ನಮ್ ಕೈಲಿ ಆಗಕ್ಕಿಲ್ಲ, ನೀರಾರ ಬುಡವ” ಅಂದಳು.

ಮೊದಲನೆಯ ಚೊಂಬಿಗೆ ಬೊಂಬೆ ಕಡೆಯುತ್ತಿದ್ದ ತಾತ. ಎರಡನೆಯದಕ್ಕೆ ದೊಡ್ಡಆಲಹಳ್ಳಿಯವನು, ನಲವತ್ತು ವರ್ಷದ ಮಗು, ನಾನು ಹೋದಾಗಲೆಲ್ಲ ಸ್ಕೂಟರಿನ ಬೀಗದ ಕೈ ಕಸಿದುಕೊಂಡು ಕೊಡದೆ ಆಟವಾಡಿಸುತ್ತಿದ್ದವನು. ಆಮೇಲೆ ನೆಲಮಂಗಲದ ಬಸ್ಸು ಬಂತಾ ಎಂದು ಎಲ್ಲರನ್ನೂ ಕೇಳುತ್ತಿದ್ದ ಸೋಲೂರಿನ ಮನೆಯ ಹೆಂಗಸು. ರಾಮನಗರದ ಮನೆಯ ಇಬ್ಬರು ಅಜ್ಜಿಯರು, ಒಬ್ಬರನ್ನೊಬ್ಬರು ಕಂಡರಾಗದೆ ಒಂದೇ ವಾರದಲ್ಲಿ ಹೋದವರು. ಒಬ್ಬೊಬ್ಬರಾಗಿ ಬಂದರು. ನೀರು ಬಿಸಿಯಾಗಿತ್ತು. ಆಯಮ್ಮ ಅ‍ವಸರ ಮಾಡಲಿಲ್ಲ, ನಾನು ಹ್ಞೂಂ ಅಂದ ಮೇಲೆಯೇ ಮುಂದಿನ ಚೊಂಬು ಎತ್ತುತ್ತಿದ್ದಳು.

ಚೊಂಬು ಹಂಡೆಯ ತಳಕ್ಕೆ ತಾಗಿ ಸದ್ದಾಯಿತು. ಆಯ್ತಾ ಎಂದು ಕೇಳಿದಳು.

ಇನ್ನೊಬ್ಬಳಿದ್ದಾಳೆ ಅಂದೆ. ಗ್ಯಾರಂಟಿ ಕೇಳಿದವಳನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ.

ಆಯಮ್ಮ ತೊಟ್ಟಿಯಿಂದ ನೀರು ತೋಡಿ ಹಂಡೆಗೆ ತುಂಬಿ, ಒಲೆಗೆ ಇನ್ನೆರಡು ತೆಂಗಿನ ಮಟ್ಟೆ ತಳ್ಳಿ, ಕಾಯುವವರೆಗೆ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.